ಬಿಸಿಲಿಗೆ ಬಾಡಿಗೆ, ಕೊಕ್ಕರೆಗೆ ಚಪ್ಪಾಳೆ

ತುಮಕೂರು ಜಿಲ್ಲೆಯಲ್ಲಿ ರೈತನ ಯೋಗ ಆಕಾಶದಿಂದ ಏನು ಇಳಿಯುತ್ತದೆ ಅನ್ನುವುದರ ಮೇಲೆ ನಿಂತಿದೆ. ಪಾವಗಡದ ತಿರುಮಣಿ ಕಡೆ ಬಿಸಿಲು ಇಳಿಯಿತು. ಸೋಲಾರ್ ಪಾರ್ಕಿಗೆಂದು ಸುಮಾರು 13,000 ಎಕರೆ ಗುತ್ತಿಗೆಗೆ ಹೋಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಅದೇ ಜಿಲ್ಲೆಯ ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಹುಣಸೆ ಮರದ ಮೇಲೆ ಬಣ್ಣದ ಕೊಕ್ಕರೆ ಇಳಿಯಿತು. ಅದನ್ನು ಕೂರಲು ಬಿಟ್ಟ ರೈತನಿಗೆ ಬರೀ ಚಪ್ಪಾಳೆ ಬಂತು.

ಚಪ್ಪಾಳೆಯನ್ನು ಹೀಗಳೆಯಬಾರದು. ಅದಕ್ಕೆ ಟಿಡಿಎಸ್ ಕಡಿತವಿಲ್ಲ, ಆಧಾರ್ ಜೋಡಣೆ ಬೇಡ. ಆದರೆ ಎಪಿಎಂಸಿಯಲ್ಲಿ ಅದನ್ನು ಯಾರೂ ತೂಕಕ್ಕೆ ಹಾಕಿಕೊಳ್ಳುವುದಿಲ್ಲ.

ಹುಣಸೆಯ ವ್ಯವಹಾರ ಗೊತ್ತಿಲ್ಲದವರಿಗೆ ಇಲ್ಲಿ ನಷ್ಟ ಎಲ್ಲಿದೆ ಎಂದು ಕಾಣುವುದೇ ಇಲ್ಲ. ಕಾಯಿ ಹಣ್ಣಾಗಿ ಒಣಗುವುದು ಜನವರಿಯಿಂದ ಏಪ್ರಿಲ್ ಒಳಗೆ. ಒಬ್ಬ ಮರ ಹತ್ತಿ ಕೊಂಬೆ ಅಲುಗಿಸಬೇಕು, ಇನ್ನೊಬ್ಬ ಕೆಳಗಿನಿಂದ ಗಳ ಹಿಡಿದು ಬಡಿಯಬೇಕು, ಬಿದ್ದದ್ದನ್ನು ಆಯ್ದು ಸಿಪ್ಪೆ ಬಿಡಿಸಿ, ನಾರು ಎಳೆದು, ಕುಟ್ಟಿ ಬೀಜ ತೆಗೆಯಬೇಕು. 100 ಕೆಜಿ ಕಾಯಿ ಇಳಿಸಿದರೆ ಕೈಗೆ ಸಿಗುವ ಹಣ್ಣು 55 ಕೆಜಿ ಆಸುಪಾಸು; ಉಳಿದದ್ದು ಬೀಜ, ಸಿಪ್ಪೆ, ನಾರು. ಕೊಕ್ಕರೆ ಬಂದು ಗೂಡು ಕಟ್ಟುವುದು ಫೆಬ್ರುವರಿ ಹೊತ್ತಿಗೆ. ಎರಡರಿಂದ ಐದು ಮೊಟ್ಟೆ, ಕಾವಿಗೆ ಒಂದು ತಿಂಗಳು, ಮರಿ ಹಾರಲು ಮತ್ತೆರಡು ತಿಂಗಳು. ಒಂದು ಜೋಡಿ ಮುಗಿಸುವಷ್ಟರಲ್ಲಿ ತಡವಾಗಿ ಬಂದ ಇನ್ನೊಂದು ಜೋಡಿ ಪಕ್ಕದ ಕೊಂಬೆಯಲ್ಲಿ ಕಾವಿಗೆ ಕೂತಿರುತ್ತದೆ. ಊರು ಖಾಲಿ ಮಾಡುವುದು ಆಗಸ್ಟಿಗೆ. ಅಷ್ಟರಲ್ಲಿ ಮಳೆ ಹಿಡಿದು ಮರದಲ್ಲೇ ಉಳಿದ ಹಣ್ಣು ಕಪ್ಪಾಗಿ, ಬೂಷ್ಟು ಬಂದು, ಹುಳು ಹೊಕ್ಕು ಪುಡಿ ಉದುರುತ್ತಿರುತ್ತದೆ. ಹಿಕ್ಕೆ ಬಿದ್ದ ಕೊಂಬೆಯಂತೂ ಸುಣ್ಣ ಬಳಿದ ಹಾಗೆ. ಹೂವು ಕಾಯಿ ನೋಡಿ ಮುಂಗಡ ಕೊಡಲು ಬರುವ ಗುತ್ತಿಗೆದಾರ ಈಗ ಗೊಂಚಲು ಎಣಿಸುವುದು ಬಿಟ್ಟು ಗೂಡು ಎಣಿಸುತ್ತಾನೆ. ಎಣಿಸಿ, ಬೀಡಿ ಹಚ್ಚಿ, ಮುಂದಿನ ಮರಕ್ಕೆ ಹೋಗುತ್ತಾನೆ.

ಗೂಡಿದ್ದರೂ ಗಳ ಹಾಕಿದರೆ? ಹಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮೊಟ್ಟೆ ಒಡೆಯುವುದು, ಗೂಡು ಕೆಡಿಸುವುದು ಬೇಟೆಗೆ ಸಮ. ಅಜ್ಜ ನೆಟ್ಟ ಮರದಲ್ಲಿ ಹಣ್ಣು ಇಳಿಸಲು ಹೋದ ಮೊಮ್ಮಗ ಬೇಟೆಗಾರನಾಗಿ ಕೆಳಗಿಳಿಯುತ್ತಾನೆ. ಕಾಯ್ದೆ ಸರಿಯಾಗಿಯೇ ಇದೆ; ಹಾಗಿಲ್ಲದಿದ್ದರೆ ಕೊಕ್ಕರೆ ಉಳಿಯುತ್ತಿರಲಿಲ್ಲ. ಉಳಿಸಿದ ಖರ್ಚು ಯಾರ ಲೆಕ್ಕಕ್ಕೆ ಅನ್ನುವ ಜಾಗದಲ್ಲಿ ಮಾತ್ರ ಕಾಯ್ದೆ ಗಂಟಲು ಸರಿಮಾಡಿಕೊಂಡು ಸುಮ್ಮನಾಗುತ್ತದೆ.

ಬೆಳೆಹಾನಿ ಪರಿಹಾರ ಇದೆಯಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇದೆ. ಪ್ರಾಣಿ ಬಂದು ಬೆಳೆ ತಿಂದರೆ, ತುಳಿದರೆ ಅರ್ಜಿ ಹಾಕಬಹುದು. ಕೊಕ್ಕರೆಯ ತಪ್ಪೇನೆಂದರೆ ಅದು ಹುಣಸೆಹಣ್ಣು ತಿನ್ನುವುದಿಲ್ಲ. ಕೆರೆಗೆ ಹೋಗಿ ಮೀನು ತಿಂದು ಬಂದು ಮರದ ಮೇಲೆ ಮರ್ಯಾದೆಯಿಂದ ಕೂರುತ್ತದೆ. ಕೂತದ್ದಕ್ಕೆ ಅರ್ಜಿ ನಮೂನೆ ಇಲ್ಲ.

ನಮೂನೆ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ಪಹಣಿ ಇನ್ನೂ ತೀರಿಕೊಂಡ ತಾತನ ಹೆಸರಿನಲ್ಲಿದೆ, ವಾರಸುದಾರರ ಹೆಸರಿಗೆ ಬರುವ ಪೌತಿ ಖಾತೆ ಆಗಿಲ್ಲ. ಆಗಿದ್ದರೆ ಜಂಟಿ ಖಾತೆ. ಮೂವರು ಅಣ್ಣತಮ್ಮಂದಿರ ಪೈಕಿ ಒಬ್ಬರು ಬೆಂಗಳೂರಿನ ಪೀಣ್ಯದಲ್ಲಿ, ಒಬ್ಬರು ಕೋರ್ಟಿನಲ್ಲಿ. ಹುಣಸೆ ಮರ ಇರುವುದು ಹೊಲದ ನಡುವೆ ಅಲ್ಲ, ಬದುವಿನ ಮೇಲೆ. ಬುಡ ಒಂದು ಸರ್ವೆ ನಂಬರಿನಲ್ಲಿ, ಗೂಡಿರುವ ಕೊಂಬೆ ಪಕ್ಕದ ಸರ್ವೆ ನಂಬರಿನ ಮೇಲೆ, ಹಿಕ್ಕೆ ಬೀಳುವುದು ಗ್ರಾಮಠಾಣಾದಲ್ಲಿ. ಸರ್ವೆಯರ್ ಬಂದು ಗಡಿ ಅಳೆದು ಹದ್ದುಬಸ್ತು ಮಾಡುವ ಹೊತ್ತಿಗೆ ಮರಿ ಹಾರಿಹೋಗಿರುತ್ತದೆ. ಮಹಜರಿನಲ್ಲಿ ಬರೆಯುತ್ತಾರೆ: ಸ್ಥಳದಲ್ಲಿ ಪಕ್ಷಿ ಕಂಡುಬಂದಿಲ್ಲ.

ಈಗ ಅದೇ ಮರದ ಮೇಲೆ ರಸ್ತೆ ಹೋಗಲಿ. ಶಿರಾ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48 ಅಗಲ ಆಗುತ್ತದೆ ಎಂದುಕೊಳ್ಳಿ. 2013ರ ಭೂಸ್ವಾಧೀನ ಕಾಯ್ದೆ ತಕ್ಷಣ ಎದ್ದು ನಿಂತು ಕುರ್ಚಿ ಕೊಡುತ್ತದೆ. ಮರದ ಬೆಲೆ ಕಟ್ಟಲು ತೋಟಗಾರಿಕೆ, ಅರಣ್ಯದ ಅನುಭವಸ್ಥರನ್ನು ಕರೆಸಬಹುದು ಎನ್ನುತ್ತದೆ 29ನೇ ಕಲಂ. ಹಳ್ಳಿ ಜಮೀನಾದರೆ ಮಾರುಕಟ್ಟೆ ಬೆಲೆಯನ್ನು ಎರಡರವರೆಗೆ ಗುಣಿಸಿ, ಮರದ ಬೆಲೆ ಕೂಡಿಸಿ, ಬಂದ ಮೊತ್ತದ ಮೇಲೆ ಇನ್ನೊಂದು ಅಷ್ಟನ್ನೇ ಸಮಾಧಾನಕ್ಕೆಂದು ಕೊಡಿ ಎನ್ನುತ್ತವೆ 26ರಿಂದ 30ರವರೆಗಿನ ಕಲಂಗಳು. ಹೀಗೆ ಹುಣಸೆ ಮರವನ್ನು ಬುಡಸಮೇತ ಕಿತ್ತರೆ ಮರಕ್ಕೆ ಎರಡು ಪಟ್ಟು, ಅದು ನಿಂತ ಜಮೀನಿಗೆ ನಾಲ್ಕು ಪಟ್ಟಿನವರೆಗೆ ಲೆಕ್ಕ ಉಂಟು. ಅದನ್ನೇ ಕೊಕ್ಕರೆಗಾಗಿ ನೂರು ವರ್ಷ ಉಳಿಸಿಕೊಂಡರೆ ಸೊನ್ನೆಯನ್ನು ನಾಲ್ಕರಿಂದ ಗುಣಿಸಿಕೊಳ್ಳಬಹುದು. ಕಾರಣ ಕೇಳಿದರೆ ವಕೀಲರು ವಿವರಿಸುತ್ತಾರೆ: ರಸ್ತೆಗೆ ನಿಮ್ಮ ಜಮೀನು ಕಿತ್ತುಕೊಂಡರು, ಇಲ್ಲಿ ಕಿತ್ತುಕೊಂಡಿಲ್ಲ ಸ್ವಾಮಿ, ಜಮೀನು ನಿಮ್ಮದೇ. ಉಪಯೋಗ ಮಾತ್ರ ನಿಮ್ಮದಲ್ಲ.

ಪಾವಗಡದ ಉದಾಹರಣೆ ಈ ವಾದದ ಬುಡಕ್ಕೇ ಕೊಡಲಿ ಹಾಕುತ್ತದೆ. ಅಲ್ಲೂ ಜಮೀನು ಕಿತ್ತುಕೊಂಡಿಲ್ಲ. ಪಹಣಿಯಲ್ಲಿ ರೈತನ ಹೆಸರೇ ಇದೆ, ಮಾಲೀಕ ಅವನೇ. ರಾಗಿ, ಕಡಲೆಕಾಯಿ ಹಾಕುವಂತಿಲ್ಲ, ಅದಕ್ಕೆ ವರ್ಷಾ ವರ್ಷಾ ಬಾಡಿಗೆ. ಒಡೆತನ ಬಿಟ್ಟು ಉಪಯೋಗವನ್ನಷ್ಟೇ ಕೊಳ್ಳುವ ವಿದ್ಯೆ ಗೊತ್ತಿದೆ, ಕರಾರು ಪತ್ರ ಟೈಪಾಗಿ ಕೂತಿದೆ, ಅದೂ ಇದೇ ಜಿಲ್ಲೆಯಲ್ಲಿ. ತಿರುಮಣಿಯಿಂದ ಕಗ್ಗಲಡುವಿಗೆ ಒಂದು ಜೆರಾಕ್ಸ್ ಕಳಿಸಿದ್ದರೆ ಸಾಕಿತ್ತು. ಬಿಸಿಲಿನಿಂದ ಯೂನಿಟ್ ಬರುತ್ತದೆ, ಯೂನಿಟ್ಟಿಗೆ ದರ ಇದೆ. ಕೊಕ್ಕರೆಗೆ ಮೀಟರ್ ಕೂರಿಸುವುದು ಹೇಗೆ ಎಂದು ಯಾರಿಗೂ ಹೊಳೆದಿಲ್ಲ.

ಮೀಟರ್ ಇಲ್ಲದೆಯೂ ಕೊಡಬಹುದು ಅನ್ನುವುದಕ್ಕೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇದೆ. ಗೂಡಿರುವ ಮರಗಳ ಮಾಲೀಕರಿಗೆ ಅಲ್ಲಿ ಅರಣ್ಯ ಇಲಾಖೆಯೇ ಪರಿಹಾರ ಕೊಟ್ಟಿದೆ. ಆದರೆ ಅದು ಇಲಾಖೆಯ ಮನಸ್ಸು. ಬಜೆಟ್ ಇದ್ದ ವರ್ಷ ಮನಸ್ಸು ಇರುತ್ತದೆ. ಇನ್ನು ಸಮುದಾಯ ಮೀಸಲು ಎಂಬ ಭಾಗ್ಯ ಉಂಟು, ವನ್ಯಜೀವಿ ಕಾಯ್ದೆಯ 36ಸಿ ಕಲಂ. ನೀವಾಗಿಯೇ ಮುಂದೆ ಬಂದು ಜಮೀನು ಒಪ್ಪಿಸಬೇಕು. ಅಧಿಸೂಚನೆ ಆದ ಮೇಲೆ ಭೂಬಳಕೆ ಬದಲಿಸಲು ನಿರ್ವಹಣಾ ಸಮಿತಿಯ ನಿರ್ಣಯವೂ ಬೇಕು, ಸರ್ಕಾರದ ಒಪ್ಪಿಗೆಯೂ ಬೇಕು. ಕಲಮ್ಮನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದರೂ ದುಡ್ಡಿನ ಮಾತು ಸಿಗುವುದಿಲ್ಲ. ಊರ ದನ ಕಾಯ್ದು ದೊಡ್ಡಬೋರೇಗೌಡ ಅನ್ನಿಸಿಕೊಳ್ಳುವ ಯೋಜನೆಗೆ ಅರ್ಜಿ ಯಾಕೆ ಬರುತ್ತಿಲ್ಲ ಎಂದು ಆಮೇಲೆ ಕಾರ್ಯಾಗಾರ ನಡೆಸುತ್ತಾರೆ, ಊಟದ ವ್ಯವಸ್ಥೆ ಸಮೇತ.

ಕಾರ್ಯಾಗಾರಕ್ಕೆ ಬಾರದವರು ಏನು ಮಾಡುತ್ತಾರೆ ಗೊತ್ತೆ? ಡಿಸೆಂಬರಿನಲ್ಲಿ, ಕೊಕ್ಕರೆ ಬರುವ ಮೊದಲೇ, ಮೇಲಿನ ಚಪ್ಪಟೆ ಕೊಂಬೆಗಳನ್ನು ಸವರಿಬಿಡುತ್ತಾರೆ. ಗೂಡು ಕೂರುವುದು ಅಲ್ಲೇ. ಗೂಡಿಲ್ಲದ ಮರಕ್ಕೆ ನಿರ್ಬಂಧವಿಲ್ಲ, ಕೇಸಿಲ್ಲ, ಕ್ಯಾಮೆರಾದವರು ಬೇಲಿ ತುಳಿಯುವುದಿಲ್ಲ. ಪರಿಹಾರವಿಲ್ಲದ ಸಂರಕ್ಷಣೆ ರೈತನಿಗೆ ಕಲಿಸುವ ಮೊದಲ ಪಾಠ ಇದು: ಅಪರೂಪದ ಜೀವಿ ನಿನ್ನ ಹೊಲಕ್ಕೆ ಕಾಲಿಡದಂತೆ ನೋಡಿಕೋ. ಕಗ್ಗಲಡುವಿನವರು ಆ ಪಾಠ ಕಲಿಯದೆ, ಕೊಕ್ಕರೆ ಬಂದರೆ ಊರಿಗೆ ಒಳ್ಳೆಯದು ಎಂದು ನಂಬಿಕೊಂಡು ಕೂತಿದ್ದಾರೆ. ಇಡೀ ಸಂರಕ್ಷಣೆಯ ಬಜೆಟ್ಟು ಆ ನಂಬಿಕೆಯೇ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಕ್ಕೂ ಇದೇ ಕತೆ, ಒಂದು ತಿರುವಿನೊಂದಿಗೆ. ಅದಕ್ಕೆಂದೇ ಇರುವ ಜಯಮಂಗಲಿ ಮೀಸಲಿನ 798 ಎಕರೆಯ ಗಡಿಯನ್ನು 2007ರಲ್ಲಿ ಅಧಿಸೂಚನೆ ಹೊರಡಿಸಿ ಗುರುತಿಸಿದರು. ಜಿಂಕೆಗಳಿಗೆ ಪ್ರತಿ ತಲುಪಿಲ್ಲ. ಸಂಜೆಯಾದರೆ ಪಕ್ಕದ ಕಡಲೆಕಾಯಿ ಹೊಲದಲ್ಲಿರುತ್ತವೆ.

ಇದೇ ಜಿಲ್ಲೆಯವರು 1983ರ ಆಗಸ್ಟಿನಲ್ಲಿ ಒಂದು ಕೆಲಸ ಮಾಡಿದ್ದರು. ಅರಣ್ಯ ಇಲಾಖೆಯ ನರ್ಸರಿಗೆ ಮೆರವಣಿಗೆ ಹೋಗಿ ನೀಲಗಿರಿ ಸಸಿ ಕಿತ್ತುಹಾಕಿ, ಅದೇ ಜಾಗದಲ್ಲಿ ಹುಣಸೆ, ಮಾವಿನ ಬೀಜ ಊರಿದರು. ಆಗ ಅದು ದೊಂಬಿ. ಅತ್ತ ಕೋಲಾರದ ಕಡೆ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಸಸಿ ಹಂಚಿ ರಾಗಿ ಹೊಲವನ್ನೆಲ್ಲ ನೀಲಗಿರಿ ಮಾಡಿಸಿದ ಸರ್ಕಾರವೇ 2017ರಲ್ಲಿ, ಅಂತರ್ಜಲ ಹೋಯಿತು, ಇನ್ನು ನೆಡಬೇಡಿ ಎಂದು ಆದೇಶ ಹೊರಡಿಸಿತು. ಆದೇಶ ಒಂದು ಹಾಳೆಯಲ್ಲಿ ಮುಗಿಯುತ್ತದೆ. ಬೇರುಸಮೇತ ಬೊಡ್ಡೆ ಕೀಳಲು ಜೆಸಿಬಿಗೆ ಗಂಟೆ ಲೆಕ್ಕದ ಬಾಡಿಗೆ, ಅದೂ ರೈತನ ಜೇಬಿನಿಂದ. ಕೀಳದೆ ಬಿಟ್ಟರೆ ಅದೇ ಬೊಡ್ಡೆಯಿಂದ ಮತ್ತೆ ಚಿಗುರು.

ಕೊಕ್ಕರೆ ಕೂತ ಮರಕ್ಕೆ ಪರಿಹಾರ ಕೊಡಲು ಮನಸ್ಸಿದ್ದರೆ ಲೆಕ್ಕ ಅಂಥ ಕಷ್ಟದ್ದಲ್ಲ. ಮರಕ್ಕೊಂದು ನಂಬರು, ಜನವರಿಯಲ್ಲೇ ಪಂಚಾಯ್ತಿ ಮತ್ತು ಅರಣ್ಯ ರಕ್ಷಕರ ಎದುರು ಕಾಯಿಯ ಅಂದಾಜು, ಮಾರ್ಚಿನಲ್ಲಿ ಗೂಡಿನ ಎಣಿಕೆ, ಇಳಿಸಲಾಗದ ಕೊಂಬೆಯ ಪಾಲಿಗೆ ತುಮಕೂರು ಎಪಿಎಂಸಿಯ ಆ ಹಂಗಾಮಿನ ಸರಾಸರಿ ದರ, ಇಳಿಸುವ ಮತ್ತು ಕುಟ್ಟುವ ಕೂಲಿ ಕಳೆದು ಉಳಿದದ್ದು. ಜಂಟಿ ಖಾತೆಯಾದರೆ, ಹಂಗಾಮಿನ ಗುತ್ತಿಗೆ ಹಣ ಯಾರು ಪಡೆಯುತ್ತಾ ಬಂದಿದ್ದಾರೋ ಅವರಿಗೆ. ಮೇ ಮುಗಿಯುವ ಮೊದಲು ದುಡ್ಡು ಕೈಸೇರಬೇಕು, ಏಕೆಂದರೆ ಬಿತ್ತನೆ ಬೀಜ ಕೊಳ್ಳುವುದು ಜೂನ್‌ನಲ್ಲಿ.

ಇದು ದೊಡ್ಡ ತಲೆನೋವು ಅನ್ನಿಸಿದರೆ ಇನ್ನೊಂದು ದಾರಿ ಇದೆ. ಪ್ರತಿ ಹುಣಸೆ ಮರದ ನೆತ್ತಿಯ ಮೇಲೂ ಒಂದೊಂದು ಸೋಲಾರ್ ಪ್ಯಾನೆಲ್ ಕಟ್ಟಿಬಿಡುವುದು. ಪ್ಯಾನೆಲ್‌ಗೆ ಬಾಡಿಗೆ ತಾನಾಗಿ ಬರುತ್ತದೆ, ಕೊಕ್ಕರೆ ಅದರ ಮೇಲೆಯೇ ಕೂರುತ್ತದೆ. ಹಿಕ್ಕೆ ಬಿದ್ದು ಯೂನಿಟ್ ಕಡಿಮೆಯಾದ ದಿನ ಮೂವರು ಇಂಜಿನಿಯರು ಜೀಪಿನಲ್ಲಿ ಬಂದು ನಷ್ಟವನ್ನು ಪೈಸೆ ಲೆಕ್ಕದಲ್ಲಿ ಬರೆದುಕೊಂಡು ಹೋಗುತ್ತಾರೆ, ಮಾರನೆಯ ವಾರವೇ ತೊಳೆಯುವ ಟೆಂಡರ್ ಕರೆಯುತ್ತಾರೆ.