ಹಾರಿ ಬರುವ ಅಕ್ಷರಗಳು

ನೀರಿನ ಟ್ಯಾಂಕರ್ ಎಷ್ಟು ಗಂಟೆಗೆ ಬರುತ್ತದೆ ಎಂಬುದನ್ನು ತಿಳಿಸಲು ಒಂದು ಸಾಲು ಸಾಕು. ಆದರೆ ನಮ್ಮ ವಸತಿ ಸಮುಚ್ಚಯದ ಕಾರ್ಯದರ್ಶಿಗಳು ಆ ಸಾಲನ್ನು ಪವರ್‌ಪಾಯಿಂಟ್ ಕಡತದೊಳಗೆ ಕೂರಿಸಿ, ಇಮೇಲಿಗೆ ಲಗತ್ತಿಸಿಯೇ ಕಳಿಸುತ್ತಾರೆ. ಇಂದು ಬೆಳಿಗ್ಗೆಯೂ ಒಂದು ಬಂತು. ಅದನ್ನು ತೆರೆಯುವ ಸಲುವಾಗಿ ವರ್ಷವರ್ಷವೂ ಚಂದಾ ಕಟ್ಟುವ ಬದಲು ಆ ಹಣದಲ್ಲಿ ಇನ್ನೊಂದು ಟ್ಯಾಂಕರ್ ತರಿಸುವುದು ಮೇಲೆಂಬುದು ನನ್ನ ಲೆಕ್ಕ.

ನೋಡುವುದಕ್ಕಷ್ಟೇ ಬಳಸಬಹುದಾಗಿದ್ದ ಉಚಿತ ಪವರ್‌ಪಾಯಿಂಟ್ ವ್ಯೂವರನ್ನು ಮೈಕ್ರೋಸಾಫ್ಟ್ 2018ರಲ್ಲಿ ನಿವೃತ್ತಿಗೊಳಿಸಿತು. ಕಾರ್ಯದರ್ಶಿಗಳೂ ನಿವೃತ್ತರೇ, ಆದರೆ ಅದರಂತೆ ಸುಮ್ಮನಾದವರಲ್ಲ. ಸದ್ಯಕ್ಕೆ ನನ್ನನ್ನು ಕಾಪಾಡುತ್ತಿರುವುದು ಕಾಸಿಲ್ಲದೆ ಸಿಗುವ ಲಿಬ್ರೆಆಫೀಸ್‌ನ ಇಂಪ್ರೆಸ್ ಎಂಬ ತಂತ್ರಾಂಶ.

ಕಡತವೇನೋ ತೆರೆಯಿತು. ಆದರೆ ಕಾರ್ಯದರ್ಶಿಗಳು ಎಲ್ಲ ಕಂಪ್ಯೂಟರುಗಳಿಗೂ ತಿಳಿಯುವ ಯುನಿಕೋಡ್ ಬಿಟ್ಟು, ‘ನುಡಿ’ ಎಂಬ ಹಳೆಯ ಕನ್ನಡ ಫಾಂಟಿನ ಭಕ್ತರು, ಮತ್ತು ಆ ಫಾಂಟು ನನ್ನ ಕಂಪ್ಯೂಟರಿನಲ್ಲಿಲ್ಲ. ಹೀಗಾಗಿ ಕನ್ನಡವಿರಬೇಕಾದ ಕಡೆ ಕೊಂಬು, ಬೊಟ್ಟು ಹೊತ್ತ ರೋಮನ್ ಅಕ್ಷರಗಳು ಕಾಣಿಸಿಕೊಂಡವು. ಅವೂ ಒಟ್ಟಿಗೆ ಬರಲಿಲ್ಲ. ಪ್ರತಿ ಅಕ್ಷರವೂ ಪರದೆಯ ಎಡಮೂಲೆಯಿಂದ ಹಾರಿ, ಗಿರಕಿ ಹೊಡೆದು, ಚಪ್ಪಾಳೆಯ ಸದ್ದಿನೊಂದಿಗೆ ತನ್ನ ಜಾಗದಲ್ಲಿ ಕುಳಿತ ಮೇಲೆಯೇ ಮುಂದಿನದಕ್ಕೆ ಸರದಿ. ಅರ್ಥವಾಗದ ಒಂದೊಂದು ಅಕ್ಷರಕ್ಕೂ ಚಪ್ಪಾಳೆ ಕೇಳುತ್ತ ನಾನು ಸನ್ಮಾನ ಸಮಾರಂಭಕ್ಕೆ ತಪ್ಪಿ ಬಂದ ಪರವೂರಿನವನಂತೆ ಕುಳಿತಿದ್ದೆ. ‘ಟ್ಯಾಂಕರ್’ ಎಂದಿರಬಹುದೆಂದು ನಾನು ಊಹಿಸಿದ ಪದ ಮುಗಿಯುವಷ್ಟರಲ್ಲಿ ಕಾಫಿ ಆರಿತು.

ಹೆಸರಿನ ಕೊನೆಗೆ ಪಿಪಿಟಿಎಕ್ಸ್ ಎಂಬ ಬಾಲವಿರುವ ಪವರ್‌ಪಾಯಿಂಟ್ ಕಡತ ಅಸಲಿಗೆ ಹಲವು ಕಡತಗಳನ್ನು ಒಟ್ಟಿಗೆ ಕಟ್ಟಿದ ಒಂದು ಜಿಪ್ ಗಂಟು. ಆ ಬಾಲವನ್ನು ಜಿಪ್ ಎಂದು ಬದಲಿಸಿ ಬಿಚ್ಚಿದರೆ ಒಳಗಿನ ಚಿತ್ರಗಳೆಲ್ಲ ಮೀಡಿಯಾ ಎಂಬ ಫೋಲ್ಡರಿನಲ್ಲಿ ಸಿಗುತ್ತವೆ. ವೇಳಾಪಟ್ಟಿಯೂ ಚಿತ್ರವಾಗಿರಬಹುದೆಂಬ ಆಸೆಯಿಂದ ಬಿಚ್ಚಿದೆ. ಸಿಕ್ಕಿದ್ದು ಗುಲಾಬಿಗಳು, ಒಂದು ಸೂರ್ಯೋದಯ, ಮತ್ತು ನಮ್ಮ ಬೀದಿಯದೇ ಹಳೆಯ ಫೋಟೊ: ನಲ್ಲಿಯ ಮುಂದೆ ಸಾಲಿಟ್ಟ ಕೊಡಗಳು, ಪಕ್ಕದಲ್ಲಿ ಹರಟುತ್ತಿರುವ ಹೆಂಗಸರು. ಆಗ ‘ನೀರು ಬಂತು’ ಎಂದು ಯಾರೋ ಒಬ್ಬರು ಕೂಗಿದರೆ ಇಡೀ ಬೀದಿಗೆ ತಲುಪುತ್ತಿತ್ತು. ಅದನ್ನು ಜೋಪಾನವಾಗಿ ಇಟ್ಟುಕೊಂಡ ಮನುಷ್ಯನ ಮೇಲೆ ಅರೆಗಳಿಗೆ ಸಿಟ್ಟು ಮಾಡಲಾಗಲಿಲ್ಲ.

ಅರೆಗಳಿಗೆ ಕಳೆದ ಮೇಲೆ ಫೋನು ಮಾಡಿ, ದಯವಿಟ್ಟು ಪಿಡಿಎಫ್ ಮಾಡಿ ಕಳಿಸಿರೆಂದು ಕೇಳಿಕೊಂಡೆ. ಸಂತೋಷದಿಂದ ಒಪ್ಪಿ ಕೂಡಲೇ ಕಳಿಸಿದರು. ಫಾಂಟು ಕಡತದೊಳಗೇ ಸೇರಿಕೊಂಡಿದ್ದರಿಂದ ಈ ಸಲ ಅಚ್ಚಕನ್ನಡವೇ ಬಂತು. ಆದರೆ ಪಿಡಿಎಫ್‌ನಲ್ಲಿ ಹಾರಾಟಕ್ಕೆ ಅವಕಾಶವಿಲ್ಲ. ಒಂದು ಹೋದ ಮೇಲೆ ಇನ್ನೊಂದು ಬರಬೇಕಿದ್ದ ಸಾಲುಗಳೆಲ್ಲ ಒಂದೇ ಜಾಗದಲ್ಲಿ ಪೇರಿಕೊಂಡಿವೆ. ಸೋಮವಾರದ ಮೇಲೆ ಗುರುವಾರ ಕುಳಿತಿದೆ, ಗುರುವಾರದ ಮೇಲೆ ‘ಸಹಕಾರಕ್ಕೆ ಧನ್ಯವಾದಗಳು’, ಮತ್ತು ಗಂಟೆ ಎಷ್ಟೆಂಬುದು ಗುಲಾಬಿಯ ಅಡಿಯಲ್ಲಿದೆ.