ಜಮೀನು ಅರಸು ಕಾಲದ್ದು, ಓಟು ಇಂದ್ರಮ್ಮಂದು

ಮೊನ್ನೆ ಹಳೇ ಟ್ರಂಕು ತೆಗೆದಾಗ ತಾತನ ಕಾಗದ ಸಿಕ್ಕಿತು. ಭೂ ನ್ಯಾಯಮಂಡಳಿಯ ಆದೇಶ. ಮಡಿಕೆ ಇದ್ದ ಕಡೆಯೆಲ್ಲ ಹರಿದಿದೆ, ಹಿಂದೆ ಕ್ಯಾಲೆಂಡರ್ ಹಾಳೆ ಅಂಟಿಸಿದ್ದಾರೆ. ಮದ್ದೂರು ಕಡೆ ವಾರಕ್ಕೆ, ಅಂದರೆ ಜಮೀನಿನವರಿಗೆ ಬೆಳೆಯಲ್ಲಿ ಪಾಲು ಕೊಟ್ಟು, ಮಾಡುತ್ತಿದ್ದ ಒಂದೂವರೆ ಎಕರೆ ಗದ್ದೆ ತಾತನ ಹೆಸರಿಗೆ ಆಗಿದ್ದು ಇದರಿಂದಲೇ. ಉಳುತ್ತಿದ್ದ ಜಮೀನು ನಮಗೇ ಕೊಡಿ ಅಂತ ಫಾರಂ ನಂಬರ್ 7ರ ಅರ್ಜಿ ಹಾಕಿದ ಮೇಲೆ ಸಾಕ್ಷಿ ಹೇಳೋಕೆ ಪಕ್ಕದ ಗದ್ದೆಯವರೇ ಹಿಂದೇಟು ಹಾಕಿದರಂತೆ. ಜಮೀನಿನವರನ್ನು ಎದುರು ಹಾಕ್ಕೊಂಡು ಊರಲ್ಲಿ ಬಾಳೋದು ಹೇಗೆ?

ನಮ್ಮ ಮನೇಲಿ ದೇವರಾಜ ಅರಸು ಅಂದರೆ ಈ ಕಾಗದ. ಮೈಸೂರಿನಲ್ಲಿ ಬೆಳೆದ ನನ್ನ ಮಕ್ಕಳಿಗೆ ಆ ಹೆಸರು ಅಂದರೆ ಬಟ್ಟೆ ತಗೊಳ್ಳೋ ರೋಡು, ಅಷ್ಟೇ.

ಅರಸು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಸ್ವಂತ ಜಾತಿಯ ಓಟು ಲೆಕ್ಕಕ್ಕೇ ಇಲ್ಲ. 1972ರಲ್ಲಿ ಮುಖ್ಯಮಂತ್ರಿಯಾದರು. ಅದೇ ವರ್ಷ ಹಿಂದುಳಿದ ವರ್ಗಗಳಿಗಾಗಿ ಹಾವನೂರ್ ಆಯೋಗ, 1974ರಲ್ಲಿ ಉಳುವವರಿಗೇ ಜಮೀನು ಕೊಡಿಸಿದ ಗೇಣಿ ಕಾನೂನು. ಇದನ್ನೆಲ್ಲ ಎಲ್ಲರೂ ಹೇಳ್ತಾರೆ. ನನಗೆ ಜಾಸ್ತಿ ಹಿಡಿಸೋದು 1973ರ ನವೆಂಬರ್ 1. ಮೈಸೂರು ಸೀಮೆಯವರೇ ರಾಜ್ಯಕ್ಕಿದ್ದ ಮೈಸೂರು ಹೆಸರು ತೆಗೆದು ಕರ್ನಾಟಕ ಅಂದರು. ಅದೂ ಮೈಸೂರು ರಾಜರ ನೆಂಟಸ್ತನದ ಅರಸು ಮನೆತನದವರು! ಹುಬ್ಬಳ್ಳಿ, ಕಲಬುರಗಿಯವರಿಗೆ, ತುಳು, ಕೊಡವ, ಕೊಂಕಣಿ, ಉರ್ದು ಮಾತಾಡುವವರಿಗೆ ಮೈಸೂರು ರಾಜ್ಯ ಅಂದರೆ ಪಕ್ಕದ ಮನೆ ಹೆಸರಿದ್ದ ಹಾಗೆ ಅಲ್ವಾ? ನಮ್ಮ ಕಡೆಯವರಿಗೆ ಅದು ಈಗಲೂ ಅಷ್ಟಾಗಿ ಅರ್ಥವಾಗಿಲ್ಲ.

ಹಾಗಂತ ದೇವರು ಮಾಡೋಕೆ ಹೋಗಲ್ಲ. ತುರ್ತು ಪರಿಸ್ಥಿತಿಯಲ್ಲಿ ಇಂದಿರಾ ಜೊತೆಗೇ ನಿಂತಿದ್ದರು. ಭ್ರಷ್ಟಾಚಾರದ ಆರೋಪಕ್ಕೆ ಗ್ರೋವರ್ ಆಯೋಗವನ್ನೂ ಎದುರಿಸಿದರು. 1978ರಲ್ಲಿ ಚಿಕ್ಕಮಗಳೂರಿನಿಂದ ಇಂದಿರಾ ಅವರನ್ನು ಗೆಲ್ಲಿಸಿಕೊಂಡು ಬಂದವರು ಮರುವರ್ಷವೇ ಅವರ ಜೊತೆ ಜಗಳ ಮಾಡಿಕೊಂಡು ಪಕ್ಷದಿಂದ ಹೊರಬಿದ್ದರು. ಬಡವರ ಓಟು ತಮ್ಮದೇ ಅಂದುಕೊಂಡಿದ್ದರೋ ಏನೋ. 1980ರ ಲೋಕಸಭೆ ಚುನಾವಣೆಯಲ್ಲಿ 28ರಲ್ಲಿ 27 ಸೀಟು ಇಂದಿರಾ ಕಾಂಗ್ರೆಸ್ಸಿಗೆ.

ಆ 27ರಲ್ಲಿ ನಮ್ಮ ತಾತನ ಓಟೂ ಇದೆ. ಅಜ್ಜಿ ಬೈದಿದ್ದಕ್ಕೆ, "ಜಮೀನು ಕೊಡಿಸಿದ್ದು ಅರಸು ಸರಿ ಕಣಮ್ಮಿ, ಆ ಅರಸೂನ ಕೊಟ್ಟಿದ್ದು ಇಂದ್ರಮ್ಮ ತಾನೆ?" ಅಂದರಂತೆ. ಇದನ್ನು ಹೇಳಿದರೆ ಗೆಳೆಯರು ಉಪಕಾರ ಸ್ಮರಣೆ ಇಲ್ಲದ ಜನ ಅಂತಾರೆ. ನಾನು ಒಪ್ಪಲ್ಲ. ತಾತ ಉತ್ತಿದ್ದ ಗದ್ದೆ ತಾತನಿಗೆ ಬಂತು. ಅದಕ್ಕೆ ಯಾರ ಸಾಲ ತೀರಿಸಬೇಕು?

1982ರ ಜೂನ್‌ನಲ್ಲಿ ಅರಸು ತೀರಿಹೋದ ಸುದ್ದಿ ರೇಡಿಯೋದಲ್ಲಿ ಬಂದ ದಿನ ತಾತ ಗದ್ದೆಗೆ ನೀರು ಕಟ್ಟೋಕೆ ಹೋಗಲಿಲ್ಲವಂತೆ.

ಈಗ ನಾವೆಲ್ಲ ಮೈಸೂರಲ್ಲಿದ್ದೇವೆ. ಆ ಗದ್ದೆಯನ್ನು ಊರಿನವರೊಬ್ಬರಿಗೆ ವಾರಕ್ಕೆ ಕೊಟ್ಟಿದ್ದೇವೆ. ಬರೀ ಬಾಯಿಮಾತು. ಪತ್ರ ಮಾಡಿಸೋಣ್ವಾ ಅಂದರೆ ಅಪ್ಪ ಒಪ್ಪೋದೇ ಇಲ್ಲ.