ಮಳೆಗಾಲಕ್ಕೆ ತಡೆಯುವ ಒಂದು ಸಾದಾ ಬ್ಯಾಗು

ಜುಲೈ ಎರಡನೇ ವಾರ. ಕಿರುಪರೀಕ್ಷೆಯ ಪೇಪರ್ ಕಟ್ಟು ತುಂಬಿಕೊಂಡು ಕುಮಟಾದಲ್ಲಿ ಬಸ್ ಹತ್ತಿದ್ದೆ. ಇಳಿಯುವ ಹೊತ್ತಿಗೆ ಪಕ್ಕದಲ್ಲಿ ಕೂತಿದ್ದವರು, "ಅಕ್ಕೋರೆ, ನಿಮ್ಮ ಸೀರೆಗೆ ಎಂತದೋ ಕಪ್ಪು ಹತ್ತಿದೆ ನೋಡಿ" ಅಂದರು. ನಿಂಬೆ ಬಣ್ಣದ ಸೀರೆ. ಸೊಂಟದಿಂದ ಮೊಣಕಾಲಿನವರೆಗೆ ಕಪ್ಪು ಕಪ್ಪು ಚೂರು, ಒಗ್ಗರಣೆ ಸಾಸಿವೆ ಸಿಡಿದ ಹಾಗೆ. ಒರೆಸಿದಷ್ಟೂ ಅಂಟಿಕೊಳ್ಳುತ್ತಿದೆ. ಆಮೇಲೆ ಗೊತ್ತಾಯಿತು, ತೊಡೆಯ ಮೇಲಿದ್ದ ಬ್ಯಾಗು ಹಾವಿನ ಹಾಗೆ ಪೊರೆ ಬಿಡುತ್ತಿತ್ತು.

ಎರಡು ವರ್ಷದ ಹಿಂದೆ ಆನ್‌ಲೈನಿನಲ್ಲಿ ತರಿಸಿದ್ದು. 2,400 ರೂಪಾಯಿ. ಕಂಪನಿಯ ಹೆಸರು ಬೇಡ ಬಿಡಿ. "ಪ್ರೀಮಿಯಂ ವೀಗನ್ ಲೆದರ್" ಅಂತ ಬರೆದಿತ್ತು. ನಾನು ಮರುಳಾಗಿದ್ದು ಆ ಮಾತಿಗಲ್ಲ, ಅದು ಸಾದಾ ಇದ್ದದ್ದಕ್ಕೆ. ಬಂಗಾರದ ಬಣ್ಣದ ಬೀಗ ಇಲ್ಲ, ಗೊಂಡೆ ಇಲ್ಲ, ಅಂಗೈ ಅಗಲದ ಹೆಸರಿಲ್ಲ. ಕಪ್ಪು ಮೈ, ಎರಡು ಹಿಡಿಕೆ, ಅಷ್ಟೆ. ನನಗೆ ಬೇಕಾಗಿದ್ದೂ ಅಷ್ಟೆ. ಉತ್ತರ ಪತ್ರಿಕೆ ಮಡಚದೆ ಕೂರಬೇಕು, ಬುತ್ತಿ ಡಬ್ಬಿ ಹಿಡಿಯಬೇಕು, ಒದ್ದೆ ಕೊಡೆ ಹಾಕಿದರೆ ಪತ್ರಿಕೆಗೆ ತಾಗಬಾರದು.

"ವೀಗನ್ ಲೆದರ್" ಅಂದರೆ ಹೆಚ್ಚಿನ ಕಡೆ ಪಿಯು. ಬಟ್ಟೆಯ ಮೇಲೆ ಬಳಿದ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಪದರ. ಕಡಿಮೆ ಬೆಲೆಯ ಪಿಯುಗೆ ಗಾಳಿಯ ತೇವವೇ ಶತ್ರು. ನೀರಿನ ಪಸೆ ಒಳಗೆ ಸೇರಿ ಅದರ ಕೊಂಡಿಗಳನ್ನು ಒಂದೊಂದಾಗಿ ಬಿಡಿಸುತ್ತದೆ. ಬಳಸಿದರೂ ಅಷ್ಟೆ, ಜೋಪಾನವಾಗಿ ಬಟ್ಟೆ ಸುತ್ತಿ ಕಪಾಟಿನಲ್ಲಿಟ್ಟರೂ ಅಷ್ಟೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಕರಾವಳಿ ನಮ್ಮದು. ಉಪ್ಪಿನ ಭರಣಿಯೇ ನೀರು ಬಿಡುವಲ್ಲಿ ಪಾಪ ಅದು ಎಷ್ಟು ದಿನ ತಡೆದೀತು? ಪ್ರಾಣಿಗಾಗಿ ಚರ್ಮ ಬೇಡ ಅನ್ನುವವರ ಬಗ್ಗೆ ನನಗೆ ಗೌರವ ಇದೆ. ಆದರೆ ಎರಡು ಮಳೆಗಾಲಕ್ಕೊಮ್ಮೆ ಪ್ಲಾಸ್ಟಿಕ್ ಬಿಸಾಕುವುದನ್ನು ದಯೆ ಅಂತ ಕರೆಯಲು ಬಾಯಿ ಬರುವುದಿಲ್ಲ.

ಬೆಂಗಳೂರಿನಲ್ಲಿರುವ ಅಣ್ಣನ ಮಗಳಿಗೆ ಈ ಕತೆ ಹೇಳಿದೆ. "ಅತ್ತೆ, ನಿಂಗೆ ಬೇಕಾಗಿರೋದು ಇದು" ಅಂತ ಒಂದು ಚಿತ್ರ ಕಳಿಸಿದಳು. ದಿ ರೋ ಎಂಬ ಕಂಪನಿಯ ಮಾರ್ಗೋ ಬ್ಯಾಗು. ಅಮೆರಿಕದ ಅವಳಿ ನಟಿಯರು ಮೇರಿ-ಕೇಟ್ ಮತ್ತು ಆಶ್ಲಿ ಓಲ್ಸನ್ 2006ರಲ್ಲಿ ಕಟ್ಟಿದ ಕಂಪನಿ ಅದು. ನಿಜಕ್ಕೂ ಚಂದ ಇದೆ. ಹೊರಗಿನಿಂದ ನೋಡಿದರೆ ಹೆಸರೇ ಕಣ್ಣಿಗೆ ಬೀಳುವುದಿಲ್ಲ. ಬೆಲೆ ಮಾತ್ರ ಲಕ್ಷಗಳಲ್ಲಿ. ಅಣ್ಣ ಕನ್ನಡಕ ಏರಿಸಿ ನೋಡಿ, "ಇಷ್ಟು ದುಡ್ಡು ಕೊಟ್ಟವಳು ಹೆಸರೂ ಕಾಣದ ಚೀಲ ಹಿಡಿದು ತಿರುಗುವುದಾ?" ಅಂದ. ತಿಳಿದವರಿಗೆ ನೋಡಿದ ಕೂಡಲೆ ಗೊತ್ತಾಗುತ್ತದಂತೆ. ಉಳಿದವರಿಗೆ ಗೊತ್ತಾಗುವುದು ಬೇಡವಂತೆ!

ಆಮೇಲೆ ಹದಿನೈದು ದಿನ ನಾನು ಇದರಲ್ಲೇ ಮುಳುಗಿಬಿಟ್ಟೆ. ಇಟಲಿಯ ಬೊಟ್ಟೆಗಾ ವೆನೆಟಾ ಗೊತ್ತಾಯಿತು. 1966ರಲ್ಲಿ ಶುರುವಾದದ್ದು. ಅವರೂ ಮೇಲೆ ಹೆಸರು ಹಾಕುವುದಿಲ್ಲ, ಚರ್ಮದ ಪಟ್ಟಿಗಳನ್ನು ಚಾಪೆ ಹೆಣೆದ ಹಾಗೆ ಹೆಣೆಯುತ್ತಾರೆ. ಆ ಹೆಣಿಗೆಯೇ ಗುರುತು. ನ್ಯೂಯಾರ್ಕಿನ ಮಾನ್ಸೂರ್ ಗೇವ್ರಿಯಲ್ ಎಂಬುವರದ್ದು ಇನ್ನೂ ತಮಾಷೆ. ಅವರ "ಬಕೆಟ್ ಬ್ಯಾಗು" ಹತ್ತು-ಹನ್ನೆರಡು ವರ್ಷದ ಹಿಂದೆ ಬಂದಷ್ಟೂ ಖಾಲಿಯಾಗುತ್ತಿತ್ತು. ಉದ್ದ ಮೈ, ಬಾಯಿಗೆ ದಾರ, ಎಳೆದರೆ ಮುಚ್ಚುತ್ತದೆ. ನಮ್ಮ ಅಮ್ಮನಿಗೆ ತೋರಿಸಿದೆ. "ಸಂಚಿ ಅಲ್ದನೇ ಇದು?" ಅಂದರು. ಹೌದಲ್ಲ! ಥೇಟ್ ಕವಳದ ಸಂಚಿ. ಎಲೆಗೊಂದು ಪದರ, ಅಡಿಕೆಗೊಂದು ಪದರ, ಎಳೆಯಲು ಎರಡು ದಾರ. ಅಜ್ಜನ ಸಂಚಿಯಲ್ಲಿ ಜೇಬು ಇನ್ನೂ ಜಾಸ್ತಿ ಇದ್ದವು.

ಹಾಗಂತ ಆ ಬೆಲೆಯೆಲ್ಲ ಬರೀ ಮೋಸ ಅನ್ನಲು ನಾನು ತಯಾರಿಲ್ಲ. ಸಾದಾ ವಸ್ತು ಮಾಡುವುದು ಕಷ್ಟ. ತಂಬುಳಿ ಮಾಡುವವರಿಗೆ ಇದು ಗೊತ್ತು. ಒಂದೆಲಗ, ಜೀರಿಗೆ, ಕಾಯಿ, ಮಜ್ಜಿಗೆ. ಮಜ್ಜಿಗೆ ಹುಳಿಯಾಗಿದ್ದರೆ ಅಡಗಿಸಲು ಜಾಗವೇ ಇಲ್ಲ. ಹುಳಿಗಾದರೆ ಮಸಾಲೆ ಸುರಿದು ಹೇಗೋ ದಾಟಿಸಬಹುದು. ಚರ್ಮವೂ ಹಾಗೆಯೇ. ದನದ ಮೈಮೇಲೆ ಮುಳ್ಳು ಗೀರಿದ ಗಾಯ, ಉಣ್ಣಿ ಹುಳ ಕಚ್ಚಿದ ಕಲೆ ಎಲ್ಲ ಇರುತ್ತದೆ. ಬಕಲ್ಲು, ಮೊಳೆ, ಅಚ್ಚು ಇರುವ ಬ್ಯಾಗಿನಲ್ಲಿ ಕಲೆಯನ್ನು ಅದರಡಿ ಮುಚ್ಚಬಹುದು. ಅಗಲವಾದ ಒಂದೇ ತುಂಡಿನ ಸಾದಾ ಮೈಗೆ ಕಲೆಯಿಲ್ಲದ ಚರ್ಮವೇ ಬೇಕು, ಕತ್ತರಿಸುವಾಗ ಉಳಿದದ್ದು ಹಾಳು. ಹೊಲಿಗೆ ಒಂದು ಎಳೆ ಸೊಟ್ಟಗಾದರೂ ಎದ್ದು ಕಾಣುತ್ತದೆ. ಇಷ್ಟಕ್ಕೆ ದುಡ್ಡು ಕೊಡಲೇಬೇಕು. ಆದರೆ ಇಷ್ಟಕ್ಕೆ ಲಕ್ಷಗಟ್ಟಲೆ ಬೇಕಾಗಿಲ್ಲ.

ಹಾಗಾದರೆ ನಮ್ಮ ಕೈಗೆ ಎಟುಕುವುದು ಯಾವುದು?

ಮೊದಲು ಹೆಸರುಗಳ ಗೊಂದಲ. "ಜೆನ್ಯೂಯಿನ್ ಲೆದರ್" ಅಂತ ಅಚ್ಚು ಇದ್ದರೆ ಒಳ್ಳೆಯದು ಅಂದುಕೊಂಡಿದ್ದೆ. ಅದು ಚರ್ಮ ಹೌದು ಅನ್ನುತ್ತದೆಯೇ ಹೊರತು ಒಳ್ಳೆಯ ಚರ್ಮ ಅನ್ನುವುದಿಲ್ಲ. ತೊಗಲಿನ ಮೇಲ್ಪದರ ಗಟ್ಟಿ, ನಾರು ಒತ್ತೊತ್ತು. ಅದನ್ನು ಉಜ್ಜದೆ ಹಾಗೆಯೇ ಉಳಿಸಿಕೊಂಡರೆ ಫುಲ್ ಗ್ರೇನ್. ಕಲೆ ಹೋಗಲೆಂದು ಸ್ವಲ್ಪ ಉಜ್ಜಿದರೆ ಟಾಪ್ ಗ್ರೇನ್. ಮೇಲ್ಪದರ ಸೀಳಿ ತೆಗೆದ ಮೇಲೆ ಉಳಿದ ಅಡಿಪದರ ಸ್ಪ್ಲಿಟ್. ಅದರ ಮೇಲೆ ಪಿಯು ಬಳಿದು ಗೆರೆ ಒತ್ತಿ ಮಾರಿದರೂ ಅದು "ಜೆನ್ಯೂಯಿನ್" ಚರ್ಮವೇ. ಬಾಂಡೆಡ್ ಅಂತಿದ್ದರಂತೂ ಚರ್ಮದ ಪುಡಿಗೆ ಅಂಟು ಕಲಸಿ ಹಾಳೆ ಮಾಡಿದ್ದು. ಅದನ್ನು ಕೊಳ್ಳಲೇಬೇಡಿ. ಕೆಲವು ಅಂಗಡಿಯವರು ಲೈಟರ್ ಹಚ್ಚಿ "ನೋಡಿ ಮೇಡಂ, ಸುಡುವುದಿಲ್ಲ" ಅಂತ ಆಟ ತೋರಿಸುತ್ತಾರೆ. ಸ್ಪ್ಲಿಟ್ಟೂ ಹಾಗೆ ಸುಲಭಕ್ಕೆ ಸುಡುವುದಿಲ್ಲ. ಅದರಿಂದ ಏನೂ ಗೊತ್ತಾಗುವುದಿಲ್ಲ, ಸುಮ್ನೆ ನಗುತ್ತಾ ನೋಡಿ.

ಮತ್ತೆ ಹದ ಮಾಡುವ ಬಗೆ. ಗಿಡದ ತೊಗಟೆ, ಕಾಯಿಯ ರಸದಲ್ಲಿ ವಾರಗಟ್ಟಲೆ ನೆನೆಸುವುದು ಒಂದು ಬಗೆ. ಅಣಲೆಕಾಯಿ ಕಚ್ಚಿದರೆ ನಾಲಿಗೆ ಒಗರಾಗಿ ಬಿಗಿದುಕೊಳ್ಳುತ್ತದಲ್ಲ, ಆ ಒಗರೇ ಚರ್ಮವನ್ನೂ ಬಿಗಿಯುವುದು. ನಮ್ಮ ಶಿರಸಿ ಕಡೆಯ ಕಾಡಿನ ಅಣಲೆಕಾಯಿ ಇದೇ ಕೆಲಸಕ್ಕೆ ಬರುವ ವಸ್ತು ಅಂತ ಈಗ ಗೊತ್ತಾಗಿ ಖುಷಿಯಾಯಿತು. ಅಡಿಕೆ ಬೇಯಿಸಿದ ಚೊಗರಿನಲ್ಲಿ ಇರುವುದೂ ಅದೇ ಜಾತಿಯ ಒಗರು. ಇನ್ನೊಂದು ಬಗೆ ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡುವುದು. ಬೇಗ ಮುಗಿಯುತ್ತದೆ, ಚರ್ಮ ಮೆತ್ತಗಿರುತ್ತದೆ. ಆದರೆ ಆ ನೀರನ್ನು ಸರಿಯಾಗಿ ಶುದ್ಧ ಮಾಡದೆ ಬಿಟ್ಟರೆ ಹೊಳೆ ಹಾಳು.

ಓದಿದವರೆಲ್ಲ ಮೊದಲ ಬಗೆಯನ್ನೇ ಹೊಗಳುತ್ತಾರೆ. ನನಗೂ ಮನಸ್ಸು ಅಲ್ಲೇ. ಪುದುಚೇರಿಯಲ್ಲಿ 1978ರಲ್ಲಿ ದಿಲೀಪ್ ಕಪೂರ್ ಶುರು ಮಾಡಿದ ಹೈಡಿಸೈನ್ ಅದಕ್ಕೇ ಹೆಸರುವಾಸಿ. ಐದಾರು ಸಾವಿರದಿಂದ ಮೇಲಕ್ಕೆ ಬೆಲೆ. ದೊಡ್ಡ ಹೆಸರಿನ ಸಾದಾ ಬ್ಯಾಗಿನ ಹತ್ತಿರಕ್ಕೆ ಬರುವಂಥದ್ದು ನಮ್ಮ ದೇಶದಲ್ಲಿ ಯಾವುದು ಅಂತ ಕೇಳಿದರೆ ನಾನು ಮೊದಲು ಅದನ್ನೇ ಹೇಳುತ್ತೇನೆ. ಬೆಂಗಳೂರು, ಹುಬ್ಬಳ್ಳಿಯವರು ಕಣ್ಣು ಮುಚ್ಚಿ ಕೊಳ್ಳಬಹುದು. ಆದರೆ ಗಿಡದ ಒಗರಿನಲ್ಲಿ ಹದವಾದ ಚರ್ಮ ನೀರು ಕುಡಿಯುತ್ತದೆ. ಮಳೆ ಹನಿ ಬಿದ್ದಲ್ಲಿ ಕಲೆ ನಿಲ್ಲುತ್ತದೆ. ಬೂಸ್ಟಿಗೂ ಅದು ಬಲು ಇಷ್ಟ. ಜೂನ್‌ನಿಂದ ಸೆಪ್ಟೆಂಬರ್ ತನಕ ಬೀರುವಿನ ಒಳಗೆ ಹಸಿರು ತೋಟ ಮಾಡುವ ನಮ್ಮಂಥವರಿಗೆ, ದಿನಾ ಬಸ್ಸಿಗೆ ಕಾಯುವವರಿಗೆ, ಕ್ರೋಮ್‌ನಲ್ಲಿ ಹದವಾದ, ಮೈಮೇಲೆ ಕಾಳು ಕಾಳಾಗಿ ಇರುವ ಚರ್ಮವೇ ವಾಸಿ. ಗೀರು ಬಿದ್ದರೂ ಕಾಣುವುದಿಲ್ಲ. ಫ್ಯಾಷನ್ ಗೊತ್ತಿದ್ದವರು ಮೂಗು ಮುರಿಯಲಿ.

ದೆಹಲಿಯ ನಪ್ಪಾ ದೋರಿಯ ಬ್ಯಾಗುಗಳು ನೋಡಲು ಎಲ್ಲಕ್ಕಿಂತ ಸಾದಾ, ಎಲ್ಲಕ್ಕಿಂತ ಅಚ್ಚುಕಟ್ಟು. ನನ್ನ ಲೆಕ್ಕಕ್ಕೆ ದುಬಾರಿ. ಬ್ಯಾಗಿಟ್, ಜೌಕ್ ಕಂಪನಿಯವರು ಚರ್ಮ ಬಳಸುವುದಿಲ್ಲ, ಬೆಲೆ ಕಡಿಮೆ. ಚರ್ಮ ಬೇಡ ಅನ್ನುವವರು ಅಂಥಲ್ಲಿ ನೋಡುವಾಗ ಪಿಯುಗಿಂತ ಬಟ್ಟೆಯ ಭಾಗ ಜಾಸ್ತಿ ಇರುವುದನ್ನು ಆರಿಸಿಕೊಳ್ಳಿ. ದಪ್ಪ ಕ್ಯಾನ್ವಾಸ್ ಆದರೆ ಒಗೆಯಬಹುದು. ನಮ್ಮ ರಾಜ್ಯ ಸರ್ಕಾರದ್ದೇ ಚರ್ಮದ ನಿಗಮ ಲಿಡ್ಕರ್ ಇದೆ ಎಂಬುದು ಮಾತ್ರ ಯಾಕೋ ಯಾರಿಗೂ ನೆನಪೇ ಆಗುವುದಿಲ್ಲ. ನಟ ಧನಂಜಯ ರಾಯಭಾರಿಯಾದ ಮೇಲೆ ಸ್ವಲ್ಪ ಸುದ್ದಿಯಾಯಿತು. ಅಲ್ಲಿನ ಚರ್ಮದ ಬಗ್ಗೆ ನನಗೆ ತಕರಾರಿಲ್ಲ. ಬೆಲೆಗೆ ಹೋಲಿಸಿದರೆ ಒಳ್ಳೆಯ ಮಾಲು.

ಇನ್ನು "ಡ್ಯೂಪ್" ಅಂತ ಒಂದು ಪದ ಕಲಿತೆ. ಹೆಸರಿನ ಬ್ಯಾಗಿನ ಆಕಾರವನ್ನೇ ಹೋಲುವ ಅಗ್ಗದ್ದು. ಅಮೆರಿಕದ ವಾಲ್‌ಮಾರ್ಟ್‌ನಲ್ಲಿ 2024ರ ಕೊನೆಗೆ, ಫ್ರಾನ್ಸಿನ ಎರ್ಮೆಸ್ ಕಂಪನಿಯ ಭಾರೀ ಬೆಲೆಯ ಬರ್ಕಿನ್ ಬ್ಯಾಗಿನ ತದ್ರೂಪಿಗೆ ಜನ ಮುಗಿಬಿದ್ದು, ಅದಕ್ಕೆ "ವರ್ಕಿನ್" ಅಂತ ಅಡ್ಡಹೆಸರೂ ಬಿತ್ತು. ಈ ನಕಲಿನ ದಾರಿ ಒಂದೇ ದಿಕ್ಕಿನದ್ದಲ್ಲ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಫ್ಯಾಷನ್ ಶೋನಲ್ಲಿ ನಮ್ಮ ಕೊಲ್ಹಾಪುರಿಯಂಥದ್ದೇ ಚಪ್ಪಲಿ ತೊಡಿಸಿ ನಡೆಸಿತು. ಮೊದಲಿಗೆ ಊರಿನ ಹೆಸರೂ ಹೇಳಿರಲಿಲ್ಲ, ಗಲಾಟೆಯಾದ ಮೇಲೆ ಒಪ್ಪಿಕೊಂಡಿತು. ಕೊಲ್ಹಾಪುರಿಯ ಜಿಐ ಗುರುತಿನಲ್ಲಿ, ಅಂದರೆ ಇಂಥ ವಸ್ತು ಇಂಥ ಊರಿನದ್ದು ಎಂಬ ಸರ್ಕಾರಿ ಗುರುತಿನಲ್ಲಿ, ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಇವೆ. ಗಟ್ಟದ ಆಚೆ ನಾಲ್ಕು ತಾಸಿನ ದಾರಿಯಲ್ಲಿ ಇಂಥ ಕೈಗಳಿರುವಾಗ ನಾವು ಫೋನಿನಲ್ಲಿ ಬ್ಯಾಗು ಹುಡುಕುತ್ತಿದ್ದೇವೆ.

ಇದನ್ನು ಬರೆಯುವಾಗ ನನ್ನ ಮೊದಲ ಚರ್ಮದ ಬ್ಯಾಗು ನೆನಪಾಗುತ್ತಿದೆ. ಮೊದಲ ಸಂಬಳದಲ್ಲಿ ಹುಬ್ಬಳ್ಳಿಯಲ್ಲಿ ಕೊಂಡಿದ್ದೆ. ಶಿರಸಿ ಹತ್ತಿರದ ನಮ್ಮ ಮನೆಗೆ ಒಯ್ದರೆ ಅಜ್ಜಿ ಬಾಗಿಲಲ್ಲೇ ತಡೆದರು. "ಚರ್ಮದ್ದನೇ ಅದು? ಹೊರಗೇ ಇಡು." ಅವರಿಗೆ ಮಡಿ. ಅದೇ ಅಜ್ಜಿ ರಾತ್ರಿಯಿಡೀ ಯಕ್ಷಗಾನದ ಆಟ ನೋಡುವವರು. ಚಂಡೆ ಮದ್ದಲೆಯ ಚರ್ಮಕ್ಕಿಲ್ಲದ ಮೈಲಿಗೆ ನನ್ನ ಬ್ಯಾಗಿಗೆ ಯಾಕೆ ಅಂತ ಕೇಳುವ ಧೈರ್ಯ ಆಗ ಇರಲಿಲ್ಲ. ಚರ್ಮ ಹದ ಮಾಡಿದವರನ್ನೂ ಹೀಗೆಯೇ ಬಾಗಿಲಾಚೆ ನಿಲ್ಲಿಸಿದವರು ನಾವು. ಅದೇ ಕೆಲಸಕ್ಕೆ ಇಟಲಿಯ ಹೆಸರಿದ್ದರೆ ಶೋಕೇಸಿನಲ್ಲಿ ಇಡುತ್ತೇವೆ. ಇರಲಿ. ಬ್ಯಾಗು ಜಗಲಿಯಲ್ಲಿ ಉಳಿಯಿತು, ಇರುಚಲು ಹೊಡೆದು ತೊಪ್ಪೆಯಾಯಿತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಕದ್ದು ಒಯ್ದು, ಒದ್ದೆ ಬಟ್ಟೆ ಒಣಗಿಸುವ ಹಾಗೆ ಬಚ್ಚಲೊಲೆಯ ಮೇಲಿನ ಗಳಕ್ಕೆ ನೇತುಹಾಕಿದೆ. ಬೆಳಿಗ್ಗೆ ನೋಡಿದರೆ ಹಪ್ಪಳ! ಮುದುಡಿ, ಸೆಟೆದು, ಮುಟ್ಟಿದರೆ ಲಟಲಟ. ಒದ್ದೆ ಚರ್ಮಕ್ಕೆ ಬೆಂಕಿಯ ಕಾವು ತಾಗಬಾರದು ಅಂತ ಒಂದು ತಿಂಗಳ ಸಂಬಳದಲ್ಲಿ ಕಲಿತೆ.

ಈಗ ಮಾಡುವುದು ಇಷ್ಟೆ. ಒದ್ದೆಯಾದರೆ ಒಣ ಬಟ್ಟೆಯಲ್ಲಿ ಒತ್ತಿ, ಒಳಗೆ ಹಳೆ ಪೇಪರ್ ತುರುಕಿ, ಫ್ಯಾನಿನ ಕೆಳಗೆ ಇಡುತ್ತೇನೆ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಇಡುವುದಿಲ್ಲ, ಬೂಸ್ಟಿಗೆ ಮನೆ ಕಟ್ಟಿಕೊಟ್ಟ ಹಾಗಾಗುತ್ತದೆ. ನಿಜ ಹೇಳಬೇಕೆಂದರೆ ದಿನಾ ಬಳಸುವ ಬ್ಯಾಗಿಗೆ ಬೂಸ್ಟು ಬರುವುದೇ ಕಮ್ಮಿ. ಮದುವೆ-ಮುಂಜಿಗೆ ಅಂತ ಎತ್ತಿಟ್ಟದ್ದಕ್ಕೇ ಮೊದಲು ಹಿಡಿಯುವುದು.

ಕೊನೆಗೆ ಕೊಂಡದ್ದು ಹುಬ್ಬಳ್ಳಿ ದುರ್ಗದಬೈಲಿನ ಒಂದು ಚಿಕ್ಕ ಅಂಗಡಿಯಲ್ಲಿ. ಹೆಸರಿಲ್ಲದ ಕಪ್ಪು ಬ್ಯಾಗು, ಕಾಳು ಚರ್ಮ, 3,200 ರೂಪಾಯಿ. ಅಂಗಡಿಯವರಿಗೆ ಬೇಜಾರಾಗುವಷ್ಟು ಹೊತ್ತು ನೋಡಿದೆ. ಜೇಬಿನ ಒಳಗೆ ಬೆರಳು ಹಾಕಿ ಚರ್ಮದ ಹಿಂಬದಿ ಮುಟ್ಟಿದೆ, ನಾರು ನಾರಾಗಿ ಇತ್ತು, ಬಟ್ಟೆಯ ನೇಯ್ಗೆ ಇರಲಿಲ್ಲ. ಮಡಚಿದೆ, ಸಣ್ಣ ಸುಕ್ಕು ಎದ್ದು ಮತ್ತೆ ಹೋಯಿತು. ಜಿಪ್ಪನ್ನು ಹತ್ತು ಸಲ ಎಳೆದೆ. ಹಿಡಿಕೆ ಮೈಗೆ ಸೇರುವ ಜಾಗ ಮಾತ್ರ ನನಗೆ ಹಿಡಿಸಲಿಲ್ಲ, ಬರೀ ಒಂದು ಸಾಲು ಹೊಲಿಗೆ.

ಅದನ್ನು ಶಿರಸಿ ಬಸ್‌ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುವವರ ಮುಂದಿಟ್ಟೆ. ಒಮ್ಮೆ ಮೂಸಿ, ಉಗುರಿನಲ್ಲಿ ಅಂಚು ಕೆದಕಿ, "ಚರ್ಮ ಅಡ್ಡಿಲ್ಲ ಅಕ್ಕೋರೆ. ದಾರ ಸರಿ ಇಲ್ಲ" ಅಂದರು. ನಾನು ಹದಿನೈದು ದಿನ ಓದಿ ತಿಳಿದದ್ದನ್ನು ಅವರು ಅರ್ಧ ನಿಮಿಷದಲ್ಲಿ ಹೇಳಿದರು. ಮೇಣ ಉಜ್ಜಿದ ದಾರದಲ್ಲಿ ಹಿಡಿಕೆಯ ನಾಲ್ಕೂ ಬುಡಕ್ಕೆ ಚೌಕ ಹೊಲಿಗೆ, ಅಡಿಗೆ ಇನ್ನೊಂದು ಚರ್ಮದ ಪಟ್ಟಿ, ಒಳಗೆ ಕೊಡೆಗೆಂದು ರೆಕ್ಸಿನ್ನಿನ ಪ್ರತ್ಯೇಕ ಜೇಬು. 350 ಕೇಳಿದರು, 400 ಕೊಟ್ಟೆ. ಪಿಯು ಬ್ಯಾಗನ್ನೂ ಒಯ್ದಿದ್ದೆ, ಏನಾದರೂ ಮಾಡಬಹುದಾ ಅಂತ. ಸೂಜಿ ಚುಚ್ಚಿ ತೋರಿಸಿದರು. ಚುಚ್ಚಿದಲ್ಲೇ ಹರಿಯಿತು.

ಅಣ್ಣನ ಮಗಳು ವೀಡಿಯೋ ಕಾಲಿನಲ್ಲಿ ಹೊಸ ಬ್ಯಾಗು ನೋಡಿ, "ಅತ್ತೆ, ಯಾವ ಬ್ರ್ಯಾಂಡ್?" ಅಂದಳು. "ಹೊರಗೆ ಹೆಸರು ಹಾಕುವವರಲ್ಲ ಅವರು" ಅಂದೆ. ಪೂರ್ತಿ ನಂಬಿದಳು ಅಂತ ಕಾಣುತ್ತದೆ, ಇನ್ನೂ ಹೇಳಿಲ್ಲ.

ಬಕಲ್ ಒಂದು ಬಾಕಿ ಇದೆ. ಈಗಿರುವುದು ತಗಡಿಗೆ ಬಣ್ಣ ಹಾಕಿದ್ದು, ಉಪ್ಪು ಗಾಳಿಗೆ ಈಗಲೇ ಮುಖ ಸಪ್ಪೆ ಮಾಡಿದೆ. ಕುಮಟಾ, ಹೊನ್ನಾವರ, ಕಾರವಾರ ಕಡೆ ಗಟ್ಟಿ ಹಿತ್ತಾಳೆಯ ಬಕಲ್ ಸಿಗುವ ಅಂಗಡಿ ಯಾರಿಗಾದರೂ ಗೊತ್ತಿದ್ದರೆ ಹೇಳಿ. ಒಂದು ಇಂಚಿನದ್ದು ಬೇಕು, ಎರಡು.